ಪುರಸಭೆ ಅಧ್ಯಕ್ಷರ ಕುರ್ಚಿ ಖಾಲಿಯಾದರೆ: ಕುಮಟಾದವರು ತಿಳಿದಿರಬೇಕಾದದ್ದು

ಕುಮಟಾಕ್ಕೆ ಮೇಯರ್ ಇಲ್ಲ. ಪಟ್ಟಣದಲ್ಲಿ ಯಾರಾದರೂ ‘ನಮ್ಮ ಮೇಯರ್’ ಎಂದರೆ ಒಂದೋ ತಮಾಷೆಗೆ ಅಂದಿರಬೇಕು, ಇಲ್ಲವೇ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಬಹುಕಾಲ ಇದ್ದು ಬಂದವರ ಬಾಯಿ ರೂಢಿ ಇರಬೇಕು. ಮೇಯರ್ ಇರುವುದು ಮಹಾನಗರ ಪಾಲಿಕೆಗೆ. ಉತ್ತರ ಕನ್ನಡದಲ್ಲಿ ಪಾಲಿಕೆಯೇ ಇಲ್ಲವಾದ್ದರಿಂದ ಇಡೀ ಜಿಲ್ಲೆ ಸುತ್ತಿದರೂ ಒಬ್ಬ ಮೇಯರ್ ಸಿಗುವುದಿಲ್ಲ. ಕುಮಟಾದ್ದು ಪುರಸಭೆ, ಪಕ್ಕದ ಹೊನ್ನಾವರದ್ದು ಪಟ್ಟಣ ಪಂಚಾಯಿತಿ; ಎರಡಕ್ಕೂ ಇರುವುದು ಅಧ್ಯಕ್ಷರು, ಉಪಾಧ್ಯಕ್ಷರು. ಹಳಬರ ಬಾಯಲ್ಲಿ ಮಾತ್ರ ಇದು ಇನ್ನೂ ‘ಮುನ್ಸಿಪಾಲ್ಟಿ’ಯೇ.

ಹೆಸರು ಏನೇ ಇರಲಿ, ಪಟ್ಟಣದ ಮೊದಲ ಕುರ್ಚಿ ಖಾಲಿಯಾದಾಗ ಹುಟ್ಟುವ ಪ್ರಶ್ನೆಗಳು ಒಂದೇ. ಗಟಾರ ತುಂಬಿದೆ, ಯಾರಿಗೆ ಹೇಳುವುದು? ಬಿಲ್ಲಿಗೆ ಸಹಿ ಯಾರದ್ದು? ಹೊಸಬರು ಯಾವಾಗ ಬರುತ್ತಾರೆ? ಆರಿಸುವವರು ಯಾರು? ‘ನಮ್ಮ ವೋಟು ಮತ್ತೆ ಕೇಳ್ತಾರಾ?’ ಎಂಬ ಪ್ರಶ್ನೆಯೂ ಇರುತ್ತದೆ. ಕೊನೆಯದಕ್ಕೆ ಉತ್ತರ ಸುಲಭ: ಕೇಳುವುದಿಲ್ಲ. ಉಳಿದವಕ್ಕೆ ಸ್ವಲ್ಪ ಕೂತು ಓದಬೇಕು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕುರ್ಚಿ ಖಾಲಿಯಾಗುವುದರಲ್ಲಿ ಎರಡು ಬಗೆ. ಕೂತಿದ್ದವರು ನಡುವೆ ಎದ್ದು ಹೋಗುವುದು ಒಂದು. ರಾಜೀನಾಮೆ, ಅವಿಶ್ವಾಸ, ಸಾವು ಇತ್ಯಾದಿ. ಕೂರಬೇಕಾದವರನ್ನು ಕೂರಲಿಕ್ಕೇ ಬಿಡದೆ ಕುರ್ಚಿಯನ್ನು ಹಾಗೇ ಇಡುವುದು ಇನ್ನೊಂದು. ಪತ್ರಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಮೊದಲನೆಯದು. ಆದರೆ ಕುಮಟಾದ ಜನ ನಿಜವಾಗಿ ವರ್ಷಗಟ್ಟಲೆ ಅನುಭವಿಸಿದ್ದು ಎರಡನೆಯದನ್ನು. ಮೊದಲನೆಯದಕ್ಕೆ ಕಾನೂನಿನಲ್ಲಿ ಮದ್ದು ಇದೆ, ಅದೂ ಕೆಲವು ವಾರಗಳಲ್ಲಿ ಕೆಲಸ ಮಾಡುವ ಮದ್ದು. ಎರಡನೆಯದಕ್ಕೆ ಗಡಿಯಾರವನ್ನೇ ಯಾರೂ ಕಟ್ಟಿಲ್ಲ.

ಕುರ್ಚಿಯ ಲೆಕ್ಕ

ಇದಕ್ಕೆಲ್ಲ ಮೂಲ 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ. ಹುಟ್ಟಿದಾಗ ಇದರ ಹೆಸರು ಮೈಸೂರು ಪೌರಸಭೆಗಳ ಅಧಿನಿಯಮ. ಅದಕ್ಕೂ ಮುಂಚೆ ನಮ್ಮ ಕರಾವಳಿಯಲ್ಲಿ ನಡೆಯುತ್ತಿದ್ದುದು ಮುಂಬೈ ಪ್ರಾಂತದ ಕಾನೂನು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈಗೆ ಸೇರಿಸಿದ್ದರ ಫಲ. ಕುಮಟಾ ಬಂದರಿನಿಂದ ಹತ್ತಿ ಸಾಗುತ್ತಿದ್ದ ಕಾಲ ಅದು. ಈಗ ಹತ್ತಿಯೂ ಇಲ್ಲ, ಮುಂಬೈಯೂ ಇಲ್ಲ. ‘ಮುನ್ಸಿಪಾಲ್ಟಿ’ ಎಂಬ ಮಾತು ಮಾತ್ರ ಉಳಿದುಕೊಂಡಿದೆ.

ಈ ಅಧಿನಿಯಮದ 42ನೇ ಪ್ರಕರಣವೇ ಅಧ್ಯಕ್ಷರ ಜಾತಕ. ಅಧ್ಯಕ್ಷ, ಉಪಾಧ್ಯಕ್ಷರನ್ನು ಆರಿಸಿಕೊಳ್ಳುವುದು ಸದಸ್ಯರು, ತಮ್ಮೊಳಗಿನಿಂದಲೇ. ಅವಧಿ 30 ತಿಂಗಳು. ಸದಸ್ಯರ ಅವಧಿ ಐದು ವರ್ಷವಾದ್ದರಿಂದ ಒಂದು ಪರಿಷತ್ತಿಗೆ ಎರಡು ಸರತಿ ಅಧ್ಯಕ್ಷರು. ನಮ್ಮಲ್ಲಿ ‘ಮೊದಲ ಅವಧಿ’, ‘ಎರಡನೇ ಅವಧಿ’ ಎನ್ನುವುದು ಇದಕ್ಕೇ. ಪಾಲಿಕೆಯ ಮೇಯರಿಗೆ ಸಿಗುವುದು ಒಂದೇ ವರ್ಷ, ಅದರ ಕಾನೂನು ಬೇರೆ, 1976ರದ್ದು. ಮಂಗಳೂರಿನ ನೆಂಟರು ಮೇಯರ್ ಚುನಾವಣೆ ಪ್ರತಿವರ್ಷ ನಡೆಯುತ್ತದೆ ಎಂದರೆ ಅದು ಸರಿಯೇ. ಅದನ್ನು ಇಲ್ಲಿಗೆ ಅನ್ವಯಿಸಬೇಡಿ.

ಕುಮಟಾದಲ್ಲಿ 23 ವಾರ್ಡ್, ಹಾಗಾಗಿ ಚುನಾಯಿತ ಸದಸ್ಯರು 23. ಮತ ಹಾಕುವವರು ಅವರು ಮಾತ್ರವೇ? ಅಲ್ಲ. ಆ ಪ್ರದೇಶದ ಶಾಸಕರು ಮತ್ತು ಲೋಕಸಭಾ ಸದಸ್ಯರಿಗೂ ಒಂದೊಂದು ಮತ ಇದೆ. ಸರ್ಕಾರ ನೇಮಿಸುವ ನಾಮನಿರ್ದೇಶಿತ ಸದಸ್ಯರು ಸಭೆಯಲ್ಲಿ ಕೂರಬಹುದು, ಮಾತಾಡಬಹುದು, ಆದರೆ ಮತ ಹಾಕುವಂತಿಲ್ಲ. ಇದನ್ನು ಬಹಳ ಜನ ತಿರುವುಮುರುವು ತಿಳಿದಿದ್ದಾರೆ: ‘ಎಮ್ಮೆಲ್ಲೆ ಬಂದು ಕೂತದ್ದು ಬರೇ ಮರ್ಯಾದೆಗೆ, ಸರ್ಕಾರದ ನಾಮಿನಿಗೆ ವೋಟಿದೆ’ ಎಂದು. ಇರುವುದು ಅದರ ಉಲ್ಟಾ.

23ರ ಜೊತೆ ಈ ಎರಡು ಸೇರಿದರೆ 25. ಬಹುಮತಕ್ಕೆ ಬೇಕಾಗುವುದು 13. ಎರಡು ಬಣಗಳು ಹೆಚ್ಚುಕಮ್ಮಿ ಸಮನಾಗಿರುವ ಊರಲ್ಲಿ ಶಾಸಕ, ಸಂಸದರ ಮತಗಳೇ ಕುರ್ಚಿಯ ಕಾಲಾಗುತ್ತವೆ. 2023ರಲ್ಲಿ ದಿನಕರ ಶೆಟ್ಟರು ಕುಮಟಾ ವಿಧಾನಸಭಾ ಕ್ಷೇತ್ರ ಗೆದ್ದದ್ದು 676 ಮತಗಳ ಅಂತರದಲ್ಲಿ. ಒಂದು ಮತದ ಬೆಲೆ ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಸಂಸದರದ್ದು ಇನ್ನೊಂದು ಕಷ್ಟ. 2024ರಲ್ಲಿ ಗೆದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರ ಉತ್ತರ ಕನ್ನಡ ಕ್ಷೇತ್ರ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರಿನವರೆಗೂ ಹರಡಿದೆ. ಅಷ್ಟು ಉದ್ದಕ್ಕೆ ಇರುವ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಒಂದೇ ವಾರದಲ್ಲಿ ಅಧ್ಯಕ್ಷರ ಆಯ್ಕೆ ಬಿದ್ದರೆ ಎಲ್ಲಿಗೆಂದು ಓಡುವುದು? ಸಂಸದರ ಕಾರು ಯಾವ ಊರಿಗೆ ಹೊರಟಿತು ಎನ್ನುವುದರಿಂದಲೇ ಎಲ್ಲಿ ಬಿಗಿ ಪೈಪೋಟಿ ಎಂದು ಅಂದಾಜು ಕಟ್ಟುವವರಿದ್ದಾರೆ.

ನಡುವೆ ಎದ್ದು ಹೋದರೆ

ನಡುವೆ ಕುರ್ಚಿ ಖಾಲಿಯಾಗುವುದಕ್ಕೆ ಅತಿ ಸಾಮಾನ್ಯ ಕಾರಣ ಜಗಳವಲ್ಲ, ಒಪ್ಪಂದ. ಪಕ್ಷದಲ್ಲಿ ಆಕಾಂಕ್ಷಿಗಳು ಇಬ್ಬರಿದ್ದರೆ 30 ತಿಂಗಳನ್ನು ‘ನಿಮಗೆ ಹದಿನೈದು, ಅವರಿಗೆ ಹದಿನೈದು’ ಎಂದು ಹಂಚುತ್ತಾರೆ. ಈ ಹಂಚಿಕೆಗೆ ಕಾನೂನಿನಲ್ಲಿ ಸ್ಥಾನವಿಲ್ಲ. ಕಾನೂನಿಗೆ ಗೊತ್ತಿರುವುದು 30 ತಿಂಗಳು ಒಂದೇ. ಆದ್ದರಿಂದ ಹದಿನೈದು ತಿಂಗಳಾದ ಮೇಲೆ ಕೂತವರು ‘ಆಗಲ್ಲ’ ಎಂದು ಕೂತೇ ಇದ್ದರೆ ಯಾವ ಅಧಿಕಾರಿಯೂ ಅವರನ್ನು ಎಬ್ಬಿಸಲಾರ.

ಅಧ್ಯಕ್ಷರು ರಾಜೀನಾಮೆ ಕೊಡಬೇಕಾದದ್ದು ಜಿಲ್ಲಾಧಿಕಾರಿಗೆ, ಬರಹದಲ್ಲಿ. ಶಾಸಕರ ಮನೆಯಲ್ಲಿ ಕೊಟ್ಟ ಕಾಗದ, ಪಕ್ಷದ ಬ್ಲಾಕ್ ಅಧ್ಯಕ್ಷರ ಕಿಸೆಯಲ್ಲಿರುವ ಕಾಗದ, ತಾರೀಖು ಹಾಕದೆ ಮೊದಲೇ ಬರೆಸಿಟ್ಟ ಕಾಗದ ಇವು ಯಾವುವೂ ರಾಜೀನಾಮೆಯಲ್ಲ. ‘ಅಧ್ಯಕ್ಷರು ರಾಜೀನಾಮೆ ಕೊಟ್ಟರಂತೆ’ ಎಂಬ ಸುದ್ದಿ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ: ಕಾಗದ ಕಾರವಾರಕ್ಕೆ ಮುಟ್ಟಿತಾ? ಗ್ರಾಮ ಪಂಚಾಯಿತಿಯಲ್ಲಿ ಹೀಗಲ್ಲ. ಅಲ್ಲಿ ಅಧ್ಯಕ್ಷರು ರಾಜೀನಾಮೆ ಕೊಡುವುದು ಉಪವಿಭಾಗಾಧಿಕಾರಿಗೆ. ಮೂರೂರು, ಹೆಗಡೆ, ದೀವಗಿ ಕಡೆಯ ಪಂಚಾಯಿತಿ ರಾಜಕೀಯ ನೋಡಿದವರು ಪಟ್ಟಣದಲ್ಲೂ ಅದೇ ನಿಯಮ ಎಂದುಕೊಳ್ಳುತ್ತಾರೆ. ಎರಡರ ಕಾನೂನೂ ಬೇರೆ, ಮೆಟ್ಟಿಲೂ ಬೇರೆ.

ಎರಡನೇ ದಾರಿ ಅವಿಶ್ವಾಸ. ಕನಿಷ್ಠ ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ ನೋಟಿಸ್ ಕೊಡಬೇಕು. ಅದಕ್ಕೆಂದೇ ವಿಶೇಷ ಸಭೆ ಕರೆಯಬೇಕು. ಆ ಸಭೆಯಲ್ಲಿ ಹಾಜರಿದ್ದವರ ಲೆಕ್ಕವಲ್ಲ, ಒಟ್ಟು ಸದಸ್ಯರ ಮೂರನೇ ಎರಡು ಭಾಗ ಗೊತ್ತುವಳಿಯ ಪರ ನಿಲ್ಲಬೇಕು. ಕುಮಟಾದ ಲೆಕ್ಕದಲ್ಲಿ 23ಕ್ಕೆ ಮೂರನೇ ಎರಡು ಅಂದರೆ 16. ಶಾಸಕ, ಸಂಸದರನ್ನೂ ಸೇರಿಸಿ 25 ಎಂದರೆ 17. ಸಹಿಯ ಲೆಕ್ಕವೂ ಹೀಗೇ ಎಂಟೋ ಒಂಬತ್ತೋ ಆಗುತ್ತದೆ. ಆ ಒಂದು ಮತದ ಮೇಲೇ ಗಲಾಟೆ ಏಳುವುದು. ಹಾಗಾಗಿ ಅವಿಶ್ವಾಸಕ್ಕೆ ಹೊರಟವರು ‘ಅಂಚಿನಲ್ಲಿ ಗೆದ್ದುಬಿಡುತ್ತೇವೆ’ ಎಂದು ಕೂರದೆ ಒಂದೆರಡು ಮತ ಹೆಚ್ಚೇ ಕೂಡಿಸಿಟ್ಟುಕೊಳ್ಳುತ್ತಾರೆ. ಗೊತ್ತುವಳಿ ಬಿದ್ದರೆ ಅದೇ ಅಧ್ಯಕ್ಷರ ಮೇಲೆ ಮತ್ತೆ ಆರು ತಿಂಗಳು ಅವಿಶ್ವಾಸ ತರುವ ಹಾಗಿಲ್ಲ. ಬಿದ್ದ ಗೊತ್ತುವಳಿಯಷ್ಟು ಅಧ್ಯಕ್ಷರನ್ನು ಗಟ್ಟಿ ಮಾಡುವುದು ಮತ್ತೊಂದಿಲ್ಲ.

ಇನ್ನುಳಿದ ಕಾರಣಗಳನ್ನು ಬೇಗ ಮುಗಿಸಬಹುದು. ಸಾವು ಒಂದು. ದುರ್ನಡತೆ ಅಥವಾ ಕರ್ತವ್ಯ ಲೋಪಕ್ಕಾಗಿ ಸರ್ಕಾರವೇ ತೆಗೆದುಹಾಕುವುದು ಇನ್ನೊಂದು. ತೆಗೆಯುವ ಮುಂಚೆ ಸಮಜಾಯಿಷಿಗೆ ಅವಕಾಶ ಕೊಡಲೇಬೇಕು. ಮೂರನೆಯದು ಸದಸ್ಯತ್ವವೇ ಹೋಗುವುದು. ಅಧ್ಯಕ್ಷಗಿರಿ ನಿಂತಿರುವುದು ಸದಸ್ಯತ್ವದ ಮೇಲೆ. ವಾರ್ಡ್ ಹೋದರೆ ಕುರ್ಚಿಯೂ ಹೋಯಿತು. 1987ರ ಪಕ್ಷಾಂತರ ನಿಷೇಧ ಅಧಿನಿಯಮ ಸ್ಥಳೀಯ ಸಂಸ್ಥೆಗಳಿಗೆಂದೇ ಕರ್ನಾಟಕ ಮಾಡಿಕೊಂಡ ಕಾನೂನು. ಪಕ್ಷದ ಚಿಹ್ನೆಯ ಮೇಲೆ ಗೆದ್ದವರು ವಿಪ್ ಮೀರಿ ಮತ ಹಾಕಿದರೆ ಅಥವಾ ಹಾಜರಾಗಬೇಕಾದ ಸಭೆಗೆ ಗೈರಾದರೆ ಸದಸ್ಯತ್ವಕ್ಕೇ ಕುತ್ತು. ಪಕ್ಷೇತರರಿಗೆ ಈ ಕಟ್ಟು ಇಲ್ಲ. ಪಕ್ಷೇತರ ಸದಸ್ಯರ ಮನೆಯ ಮುಂದೆ ಚುನಾವಣೆಯ ವಾರ ಕಾರುಗಳು ಸಾಲಾಗಿ ನಿಲ್ಲುವುದಕ್ಕೆ ಕಾರಣ ಅದೇ.

ಹೀಗೆ ಖಾಲಿಯಾದ ದಿನದಿಂದ ಅಧ್ಯಕ್ಷರ ಕೆಲಸವನ್ನು ಉಪಾಧ್ಯಕ್ಷರು ನೋಡಿಕೊಳ್ಳುತ್ತಾರೆ. ಪತ್ರಿಕೆಯವರು ‘ಪ್ರಭಾರ ಅಧ್ಯಕ್ಷ’ ಎಂದು ಬರೆಯುವುದು ಇವರನ್ನೇ. ಸಭೆ ನಡೆಸುವುದು, ಸಹಿ, ಎಲ್ಲವೂ ಅವರದ್ದು, ಹೊಸಬರು ಬರುವ ತನಕ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಊರಲ್ಲೆಲ್ಲ ಇದೆ: ಅಧ್ಯಕ್ಷರು ಹೋದರೆ ಉಪಾಧ್ಯಕ್ಷರೇ ತನ್ನಷ್ಟಕ್ಕೆ ಅಧ್ಯಕ್ಷರಾಗುತ್ತಾರೆ ಎಂದು. ಇಲ್ಲ. ಅವರೂ ಬೇಕಿದ್ದರೆ ನಾಮಪತ್ರ ಹಾಕಿ ಗೆಲ್ಲಬೇಕು, ಅದೂ ಮೀಸಲಾತಿ ಕೂಡಿಬಂದರೆ.

ಮೀಸಲಾತಿಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ನಡುವೆ ಆರಿಸಿ ಬಂದವರಿಗೆ ಹೊಸದಾಗಿ 30 ತಿಂಗಳು ಸಿಗುವುದಿಲ್ಲ. ಹಿಂದಿನವರು ಬಿಟ್ಟುಹೋದ ಉಳಿಕೆ ತಿಂಗಳುಗಳು ಮಾತ್ರ. ಮೀಸಲಾತಿಯೂ ಹಿಂದಿನದೇ. ಕುರ್ಚಿ ಹಿಂದುಳಿದ ವರ್ಗ ‘ಎ’ ಮಹಿಳೆಗೆ ಮೀಸಲಾಗಿತ್ತೆಂದರೆ ಉಳಿದ ಅವಧಿಗೂ ಅದೇ ವರ್ಗದ ಮಹಿಳೆಯೇ ಬರಬೇಕು. ಅಂಥ ಸದಸ್ಯೆ ಇರುವುದು ಒಬ್ಬರೇ, ಅವರೇ ರಾಜೀನಾಮೆ ಕೊಟ್ಟವರು ಎಂದಾದರೆ? ಇದು ಕುಮಟಾದ ಕಥೆಯಲ್ಲ, ಆದರೆ ಯಾವ ಸಣ್ಣ ಊರಲ್ಲೂ ಆಗಬಹುದಾದದ್ದು. ಆಗ ಪ್ರಭಾರವೇ ಗತಿ. ಇದರ ತಿರುಗುಮುರುಗೂ ನಡೆಯುತ್ತದೆ. ಬಹುಮತ ಒಂದು ಪಕ್ಷದ್ದು, ಮೀಸಲಾತಿಗೆ ಹೊಂದುವ ಏಕೈಕ ಸದಸ್ಯರು ಎದುರು ಪಕ್ಷದವರು. ಕೈಯಲ್ಲಿ ಹೆಚ್ಚು ಸಂಖ್ಯೆ ಇದ್ದವರು ಬೆಂಚಿನಲ್ಲಿ ಕೂತು, ಸಂಖ್ಯೆ ಇಲ್ಲದವರು ಕುರ್ಚಿಯಲ್ಲಿ ಕೂರಬೇಕಾಗುತ್ತದೆ.

ವಾರ್ಡಿನ ಮೀಸಲಾತಿ ಬೇರೆ, ಕುರ್ಚಿಯ ಮೀಸಲಾತಿ ಬೇರೆ ಎನ್ನುವುದನ್ನೂ ನೆನಪಿಡಿ. ಸಾಮಾನ್ಯ ವಾರ್ಡಿನಿಂದ ಗೆದ್ದ ಪರಿಶಿಷ್ಟ ಜಾತಿಯ ಸದಸ್ಯರು ಪರಿಶಿಷ್ಟ ಜಾತಿಗೆ ಮೀಸಲಾದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬಹುದು. ಸಾಮಾನ್ಯ ಸ್ಥಾನಕ್ಕೆ ಮಹಿಳೆಯೂ ನಿಲ್ಲಬಹುದು. ‘ಜನರಲ್ ಅಂದ್ರೆ ಗಂಡಸರದ್ದು’ ಎಂದು ಹೇಳಿ ಎಷ್ಟೋ ಹೆಣ್ಣುಮಕ್ಕಳನ್ನು ಹಿಂದೆ ಕೂರಿಸಿದ್ದಾರೆ. ಕಾನೂನಿನಲ್ಲಿ ಅಂಥ ಸಾಲು ಎಲ್ಲೂ ಇಲ್ಲ.

ಆಯ್ಕೆಯ ದಿನ

ಚುನಾವಣೆ ನಡೆಸುವುದಕ್ಕೆ 1965ರ ಅಧ್ಯಕ್ಷ, ಉಪಾಧ್ಯಕ್ಷರ ಚುನಾವಣಾ ನಿಯಮಗಳಿವೆ. ಪುರಸಭೆಗಳಲ್ಲಿ ಸಾಮಾನ್ಯವಾಗಿ ಚುನಾವಣಾಧಿಕಾರಿ ಆಗುವವರು ಉಪವಿಭಾಗಾಧಿಕಾರಿ, ನಮ್ಮ ಮಾತಿನ ‘ಎಸಿ ಸಾಹೇಬ್ರು’. ಕುಮಟಾಕ್ಕೆ ಇದೊಂದು ಅನುಕೂಲ: ಎಸಿ ಕಚೇರಿ ಊರಲ್ಲೇ ಇದೆ. ಕುಮಟಾ, ಅಂಕೋಲಾ ಎರಡೂ ತಾಲೂಕು ಈ ಕಚೇರಿಗೆ ಸೇರಿದ್ದು. ಹೊನ್ನಾವರದವರು ಮಾತ್ರ ಇದೇ ಕೆಲಸಕ್ಕೆ ಭಟ್ಕಳದ ಕಡೆ ನೋಡಬೇಕು.

ಸಭೆಗೆ ಪೂರ್ತಿ ಏಳು ದಿನ ಮುಂಚಿತವಾಗಿ ಸದಸ್ಯರಿಗೆ ನೋಟಿಸ್ ಮುಟ್ಟಬೇಕು. ಆ ಏಳು ದಿನಗಳೇ ರಾಜಕೀಯದ ಸುಗ್ಗಿ. ಸದಸ್ಯರ ಮೊಬೈಲ್ ಸ್ವಿಚ್ ಆಫ್ ಆಗುವುದು, ಮನೆಯವರು ‘ಅವ್ರು ಧರ್ಮಸ್ಥಳಕ್ಕೆ ಹೋಗಿದ್ರು’ ಎನ್ನುವುದು, ಗೋವಾದ ಯಾವುದೋ ರೆಸಾರ್ಟಿನ ಮಾತು ಗಾಳಿಯಲ್ಲಿ ತೇಲುವುದು ಇವೆಲ್ಲ ಆಗಲೇ. ಚುನಾವಣೆಯ ದಿನ ಮಿನಿ ಬಸ್ಸೊಂದು ನೇರ ಪುರಸಭೆಯ ಬಾಗಿಲಿಗೆ ಬಂದು ನಿಂತರೆ ಫಲಿತಾಂಶ ಅಲ್ಲೇ ಅರ್ಧ ಗೊತ್ತಾಗುತ್ತದೆ.

ದಿನದ ಕೆಲಸ ಸರಳ. ಬೆಳಿಗ್ಗೆ ನಾಮಪತ್ರ, ಆಮೇಲೆ ಪರಿಶೀಲನೆ, ಹಿಂತೆಗೆದುಕೊಳ್ಳಲು ಸ್ವಲ್ಪ ಸಮಯ, ಮಧ್ಯಾಹ್ನ ಮತದಾನ. ಕಣದಲ್ಲಿ ಒಬ್ಬರೇ ಉಳಿದರೆ ಅವಿರೋಧ ಆಯ್ಕೆ. ಇಬ್ಬರಿದ್ದರೆ ಕೈ ಎತ್ತುವ ಮೂಲಕ ಮತ. ಗುಪ್ತ ಮತದಾನ ಅಲ್ಲ. ಯಾರು ಯಾರಿಗೆ ಕೈ ಎತ್ತಿದರು ಎನ್ನುವುದು ದಾಖಲೆಯಾಗುತ್ತದೆ. ವಿಪ್‌ಗೆ ಹಲ್ಲು ಇರುವುದು ಇದರಿಂದಲೇ. ಮತ ಸಮ ಬಿದ್ದರೆ ಚೀಟಿ ಎತ್ತುತ್ತಾರೆ. ಎರಡೂವರೆ ವರ್ಷದ ಅಧಿಕಾರ ಒಂದು ಮಡಚಿದ ಚೀಟಿಯಲ್ಲಿ ನಿರ್ಧಾರವಾಗುವುದು ವಿಚಿತ್ರ ಅನ್ನಿಸಬಹುದು, ಆದರೆ ಅದಕ್ಕಿಂತ ತಕರಾರಿಲ್ಲದ ದಾರಿ ಈವರೆಗೆ ಯಾರಿಗೂ ಹೊಳೆದಿಲ್ಲ. ಕೋರಂ ಇಲ್ಲದಿದ್ದರೆ ಸಭೆ ಮುಂದಕ್ಕೆ.

ಜನರೇ ನೇರ ಆರಿಸಿದರೆ ಈ ಮಿನಿ ಬಸ್ಸಿನ ಯಾತ್ರೆ ತಪ್ಪುತ್ತದಲ್ಲ ಎಂದು ಕೇಳುವವರಿದ್ದಾರೆ. ಉತ್ತರ ಪ್ರದೇಶದಲ್ಲಿ ಪುರಸಭೆಯ ಅಧ್ಯಕ್ಷರನ್ನು ಮತದಾರರೇ ಆರಿಸುತ್ತಾರೆ. ಪಕ್ಕದ ಮಹಾರಾಷ್ಟ್ರದಲ್ಲಿ ನಗರಾಧ್ಯಕ್ಷರ ನೇರ ಆಯ್ಕೆ ಒಮ್ಮೆ ಬಂದು, ಹೋಗಿ, ಮತ್ತೆ ಬಂದಿದೆ. ಗೋವಾದಲ್ಲಿ ನಮ್ಮ ಹಾಗೆಯೇ, ಸದಸ್ಯರ ಆಯ್ಕೆ. ನೇರ ಆಯ್ಕೆಯಾದ ಅಧ್ಯಕ್ಷರು ಒಂದು ಪಕ್ಷ, ಸದಸ್ಯರ ಬಹುಮತ ಇನ್ನೊಂದು ಪಕ್ಷವಾದರೆ ಬಜೆಟ್ಟೇ ಪಾಸಾಗದೆ ನಿಲ್ಲುವ ಅಪಾಯ ಅಲ್ಲಿದೆ. ನನ್ನ ಮಟ್ಟಿಗೆ, ಆರಿಸುವ ಬಗೆಯಲ್ಲಿ ನಮ್ಮ ಊರಿನ ದೊಡ್ಡ ತೊಂದರೆ ಇಲ್ಲ. ತೊಂದರೆ ಇರುವುದು ಆರಿಸುವ ದಿನವನ್ನೇ ಗೊತ್ತುಮಾಡದಿರುವುದರಲ್ಲಿ.

ಕೂರಲಿಕ್ಕೇ ಬಿಡದ ಕುರ್ಚಿ

ಈಗ ಎರಡನೇ ಬಗೆಗೆ ಬರುತ್ತೇನೆ.

2018ರ ಆಗಸ್ಟ್ 31ರಂದು ಕುಮಟಾದ ಜನ ಮತ ಹಾಕಿದರು. ಸೆಪ್ಟೆಂಬರ್ 3ಕ್ಕೆ ಎಣಿಕೆ. ಗೆದ್ದವರಿಗೆ ಹಾರ ಬಿತ್ತು, ಪಟಾಕಿ ಹೊಡೆದರು, ಬಸ್ತಿಪೇಟೆಯಿಂದ ಹೆರವಟ್ಟಾದವರೆಗೆ ಧನ್ಯವಾದದ ಮೆರವಣಿಗೆಗಳಾದವು. ಆಮೇಲೆ ಏನೂ ಆಗಲಿಲ್ಲ. ಎರಡು ವರ್ಷ ಏನೂ ಆಗಲಿಲ್ಲ.

ಕಾರಣ ಕುಮಟಾದಲ್ಲಿರಲಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನ ಯಾವ ಊರಲ್ಲಿ ಯಾವ ವರ್ಗಕ್ಕೆ ಎಂದು ಸರದಿಯ ಮೇಲೆ ನಿಗದಿ ಮಾಡುವುದು ರಾಜ್ಯ ಸರ್ಕಾರ, ನಗರಾಭಿವೃದ್ಧಿ ಇಲಾಖೆಯ ಅಧಿಸೂಚನೆಯ ಮೂಲಕ. ಸಂವಿಧಾನದ 243ಟಿ ವಿಧಿ ಕೇಳುವ ಮೀಸಲಾತಿ ಅದು. 1993ರ ಜೂನ್ 1ರಿಂದ ಜಾರಿಗೆ ಬಂದ 74ನೇ ತಿದ್ದುಪಡಿಯ ಕೊಡುಗೆ. ಮೀಸಲಾತಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಟ್ಟಿ ಬಂದ ಕೂಡಲೇ ‘ಸರದಿ ತಪ್ಪಿದೆ’ ಎಂದು ಯಾವುದೋ ಊರಿನವರು ಹೈಕೋರ್ಟಿಗೆ ಹೋದರು. ಇಡೀ ರಾಜ್ಯದ ಪಟ್ಟಿ ಒಂದೇ ಹಗ್ಗದಲ್ಲಿ ಕಟ್ಟಿದ ಹಾಗೆ. ಒಂದು ಗಂಟು ಎಳೆದರೆ ಎಲ್ಲ ಊರೂ ನಿಂತವು. ಕುಮಟಾದ 23 ಸದಸ್ಯರು ಗೆದ್ದೂ ಸದಸ್ಯರಾಗದೆ ಕೂತರು. ಮೊದಲ ಸಭೆಯೇ ಆಗದಿದ್ದರೆ ಸದಸ್ಯರಿಗೆ ಅಧಿಕಾರವಾದರೂ ಎಲ್ಲಿಂದ? ಕೊನೆಗೆ 2020ರ ಅಕ್ಟೋಬರಿನಲ್ಲಿ ಹೊಸ ಪಟ್ಟಿ ಹೊರಬಿದ್ದ ಮೇಲೆ, ಅಕ್ಟೋಬರ್ ನವೆಂಬರ್ ಹೊತ್ತಿಗೆ ಅಧ್ಯಕ್ಷರ ಆಯ್ಕೆಗಳಾದವು. ಆಗ ಕೋವಿಡ್ಡಿನ ಮೊದಲ ಅಲೆಯೂ ಬಂದುಹೋಗಿತ್ತು. ಆ ಇಡೀ ಕಷ್ಟಕಾಲವನ್ನು ಪಟ್ಟಣ ಚುನಾಯಿತ ಅಧ್ಯಕ್ಷರಿಲ್ಲದೆ ಕಳೆಯಿತು.

ಮೊದಲ 30 ತಿಂಗಳು 2023ರ ಬೇಸಿಗೆಗೆ ಮುಗಿಯಿತು. ಎರಡನೇ ಅವಧಿಗೆ ಪಟ್ಟಿ ಮತ್ತೆ ಬರಲಿಲ್ಲ. ಒಂದು ಮಳೆಗಾಲ ಹೋಯಿತು, ವಿಧಾನಸಭೆ ಹೋಗಿ ಲೋಕಸಭಾ ಚುನಾವಣೆಯೂ ಹೋಯಿತು, ಇನ್ನೊಂದು ಮಳೆಗಾಲ ಹಿಡಿಯಿತು. 2024ರ ಆಗಸ್ಟ್ 5ರಂದು ರಾಜ್ಯದ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಪಟ್ಟಿ ಪ್ರಕಟವಾಯಿತು. ಎರಡನೇ ಅವಧಿಯ ಅಧ್ಯಕ್ಷರು ಬಂದದ್ದು ಅದರ ನಂತರ.

ಈಗ ಲೆಕ್ಕ ಹಾಕಿ. ಮೊದಲ ಸಲ ಸುಮಾರು 25 ತಿಂಗಳು, ಎರಡನೇ ಸಲ ಸುಮಾರು 15. ಒಟ್ಟು 40 ತಿಂಗಳು ಕುರ್ಚಿ ಖಾಲಿ. ಯಾರೂ ಸತ್ತಿರಲಿಲ್ಲ, ಯಾರೂ ರಾಜೀನಾಮೆ ಕೊಟ್ಟಿರಲಿಲ್ಲ, ಅವಿಶ್ವಾಸವಂತೂ ಇಲ್ಲವೇ ಇಲ್ಲ. ಎರಡನೇ ಅವಧಿಯವರಿಗೆ ಇನ್ನೂ ಒಂದು ಪೆಟ್ಟು. ಪರಿಷತ್ತಿನ ಐದು ವರ್ಷ ಎಣಿಕೆಯಾಗುವುದು ಮೊದಲ ಸಭೆಯ ದಿನದಿಂದ. ಸಂವಿಧಾನದ 243ಯು ವಿಧಿ ಅದನ್ನು ಕಲ್ಲಿನ ಮೇಲೆ ಬರೆದ ಹಾಗೆ ಹೇಳಿದೆ, ಐದು ವರ್ಷಕ್ಕಿಂತ ಒಂದು ದಿನ ಹೆಚ್ಚಿಲ್ಲ. 2020ರ ಕೊನೆಗೆ ಶುರುವಾದದ್ದು 2025ರ ಕೊನೆಗೆ ಮುಗಿಯಲೇಬೇಕು. ಹಾಗಾಗಿ 2024ರಲ್ಲಿ ಕೂತವರಿಗೆ 30 ತಿಂಗಳ ಬದಲು ಅದರ ಅರ್ಧದಷ್ಟೇ ದಕ್ಕಿತು. ಸರ್ಕಾರ ತಿಂದ ತಿಂಗಳುಗಳನ್ನು ಕಾನೂನು ವಾಪಸು ಕೊಡುವುದಿಲ್ಲ.

ಅವಧಿ ಮುಗಿಯುವ ಮುಂಚೆಯೇ ಹೊಸ ಚುನಾವಣೆ ಮುಗಿದಿರಬೇಕು ಎಂದೂ ಅದೇ ವಿಧಿ ಹೇಳುತ್ತದೆ. ಅಹಮದಾಬಾದ್ ಪಾಲಿಕೆಯ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇದನ್ನೇ ಒತ್ತಿ ಹೇಳಿತು. ಆದರೂ ಬೆಂಗಳೂರನ್ನೇ ನೋಡಿ. ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ರಾಜಧಾನಿಯೇ ವರ್ಷಗಟ್ಟಲೆ ಮೇಯರ್ ಇಲ್ಲದೆ ನಡೆಯಿತು. ಅಷ್ಟು ದೊಡ್ಡ ಊರಿನ ಗತಿಯೇ ಹೀಗಾದರೆ ಕುಮಟಾದ ಕೂಗು ಅಘನಾಶಿನಿ ದಾಟುವುದು ಕಷ್ಟ.

ಆಡಳಿತಾಧಿಕಾರಿಯ ಕಾಲದಲ್ಲಿ ನಿಮ್ಮ ಕೆಲಸ

ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರೂ ಇಲ್ಲದಾಗ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸುತ್ತದೆ. ಪುರಸಭೆಗೆ ಸಾಮಾನ್ಯವಾಗಿ ಎಸಿ ಅಥವಾ ತಹಶೀಲ್ದಾರರು. ಅಂದರೆ ಪ್ರವಾಹ, ಭೂಸ್ವಾಧೀನ, ಹೆದ್ದಾರಿ ತಕರಾರು, ಚುನಾವಣೆ ಎಲ್ಲ ಹೊತ್ತ ಅಧಿಕಾರಿಯ ತಲೆಯ ಮೇಲೆ ಪಟ್ಟಣದ ಗಟಾರವೂ ಬೀಳುತ್ತದೆ. ಅಧಿಕಾರಿ ಎಷ್ಟೇ ಒಳ್ಳೆಯವರಿರಲಿ, ಅವರಿಗೆ ವಾರ್ಡಿನ ಮತ ಬೇಕಾಗಿಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಆದರೆ ಗಾಬರಿ ಬೀಳುವ ಕಾರಣವಿಲ್ಲ. ನಿಮ್ಮ ದಿನನಿತ್ಯದ ಬಹುಪಾಲು ಕೆಲಸ ಅಧ್ಯಕ್ಷರ ಸಹಿಯ ಮೇಲೆ ನಿಂತೇ ಇಲ್ಲ. ಖಾತೆ, ಮನೆ ತೆರಿಗೆ, ಜನನ ಮರಣ ಪ್ರಮಾಣಪತ್ರ, ಅಂಗಡಿಯ ಪರವಾನಗಿ, ನಲ್ಲಿ ಸಂಪರ್ಕ ಇವೆಲ್ಲ ಮುಖ್ಯಾಧಿಕಾರಿಯ ಕಚೇರಿಯಿಂದ ನಡೆಯುವಂಥವು. ‘ಅಧ್ಯಕ್ಷರಿಲ್ಲ, ಆಮೇಲೆ ಬನ್ನಿ’ ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ, ನಯವಾಗಿ ‘ಹಾಗೆಂದು ಬರೆದು ಕೊಡಿ’ ಎನ್ನಿ. ಬರೆದು ಕೊಡುವವರು ಸಿಕ್ಕುವುದಿಲ್ಲ, ಕೆಲಸ ಮುಂದಕ್ಕೆ ಹೋಗುತ್ತದೆ.

ಪೆಟ್ಟು ಬೀಳುವುದು ಬೇರೆ ಸಂಗತಿಗಳಿಗೆ. ಯಾವ ವಾರ್ಡಿಗೆ ಯಾವ ಕಾಮಗಾರಿ, ಬಜೆಟ್ಟಿನಲ್ಲಿ ಯಾವುದಕ್ಕೆ ಎಷ್ಟು, ಪುರಸಭೆಯ ಅಂಗಡಿ ಮಳಿಗೆಗಳ ಹರಾಜು, ಮೀನು ಮಾರುಕಟ್ಟೆ ಹೇಗಿರಬೇಕು ಎಂಬಂಥವು ಸಾಮಾನ್ಯ ಸಭೆಯಲ್ಲಿ ಚರ್ಚೆಯಾಗಿ ಠರಾವು ಆಗಬೇಕಾದವು. ಆಡಳಿತಾಧಿಕಾರಿಯ ಕಾಲದಲ್ಲಿ ಇವೂ ನಡೆಯುತ್ತವೆ, ಸಹಿಯೂ ಬೀಳುತ್ತದೆ. ನಡುವೆ ಜಗಳ ಮಾಡಲಿಕ್ಕೆ ಮಾತ್ರ ಯಾರೂ ಇರುವುದಿಲ್ಲ. ಚಿತ್ರಗಿಯವರು ‘ನಮಗ್ಯಾಕೆ ಇಲ್ಲ?’ ಎಂದು ಮೇಜು ಕುಟ್ಟಿ ಕೇಳುವ ಜಾಗ ಖಾಲಿ. ಮಳೆಗಾಲಕ್ಕೆ ಮುಂಚೆ ಗಟಾರ ಹೂಳೆತ್ತುವ ಕೆಲಸ ತಡವಾದರೆ, ಮರಾಕಲ್ ಯೋಜನೆಯ ನೀರು ಬೇಸಿಗೆಯಲ್ಲಿ ಕೆಲವು ಕೇರಿಗಳಿಗೆ ಸರಿಯಾಗಿ ಮುಟ್ಟದಿದ್ದರೆ, ಆ ಮೇಜು ಕುಟ್ಟುವ ಕೆಲಸ ನೀವೇ ಮಾಡಬೇಕಾಗುತ್ತದೆ. ಅದೂ ಕಾಗದದ ಮೇಲೆ.

ಕಾಗದದ ಕೆಲಸಕ್ಕೆ ಒಳ್ಳೆಯ ಉಪಕರಣ ಮಾಹಿತಿ ಹಕ್ಕು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಎಲ್ಲ ಸಿಟ್ಟನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ತಿರಸ್ಕಾರವಾಗಿ ವಾಪಸು ಬರುತ್ತದೆ. ನಮ್ಮ ಓಣಿಯ ಒಬ್ಬ ಹಿರಿಯರು ನಾಲ್ಕು ಪುಟದ ಅರ್ಜಿ ಬರೆದಿದ್ದರು, ಅದರಲ್ಲಿ ಮೂರು ಪುಟ 1983ರ ಗಟಾರದ ಇತಿಹಾಸವೇ ಇತ್ತು. ಅದನ್ನು ಐದು ಸಾಲಿಗೆ ಇಳಿಸಿದ ಮೇಲೆ ಉತ್ತರ ಬಂತು. ಕೇಳಬೇಕಾದದ್ದು ಇಷ್ಟೇ: ಇಂಥ ತಿಂಗಳಿನಿಂದ ಇಂಥ ತಿಂಗಳವರೆಗಿನ ಸಭೆಯ ನಡಾವಳಿ, ನಮ್ಮ ವಾರ್ಡಿಗೆ ಮಂಜೂರಾದ ಕಾಮಗಾರಿಯ ಅಂದಾಜು ಪಟ್ಟಿ, ಕೊಟ್ಟ ಬಿಲ್ಲಿನ ಪ್ರತಿ.

ಕುರ್ಚಿ ಯಾಕೆ ಖಾಲಿ ಎನ್ನುವುದು ಗೊತ್ತಾಗಬೇಕೆಂದರೆ ಎಲ್ಲಿ ಕೇಳಬೇಕು ಎನ್ನುವುದೂ ಬಗೆಯ ಮೇಲೆ ನಿಂತಿದೆ. ರಾಜೀನಾಮೆ, ಅವಿಶ್ವಾಸ, ಸಾವಿನಿಂದ ಖಾಲಿಯಾಗಿದ್ದರೆ ಕೇಳಬೇಕಾದದ್ದು ಎಸಿ ಕಚೇರಿಯಲ್ಲಿ: ಚುನಾವಣೆಯ ದಿನ ಗೊತ್ತಾಯಿತಾ, ನೋಟಿಸ್ ಹೊರಟಿತಾ? ಮೀಸಲಾತಿ ಪಟ್ಟಿ ಬಾರದೆ ಖಾಲಿಯಾಗಿದ್ದರೆ ಎಸಿಯನ್ನು ಬೈದು ಫಲವಿಲ್ಲ, ಅವರ ಕೈಯಲ್ಲಿ ಏನೂ ಇಲ್ಲ. ಆಗ ಬರೆಯಬೇಕಾದದ್ದು ಬೆಂಗಳೂರಿನ ನಗರಾಭಿವೃದ್ಧಿ ಇಲಾಖೆಗೆ, ಹಿಡಿಯಬೇಕಾದದ್ದು ಶಾಸಕರನ್ನು. ಪರಿಷತ್ತಿನ ಅವಧಿಯೇ ಮುಗಿದು ವಾರ್ಡ್ ಚುನಾವಣೆ ಆಗದಿದ್ದರೆ ರಾಜ್ಯ ಚುನಾವಣಾ ಆಯೋಗ. ಯಾವ ಬಾಗಿಲೂ ತೆರೆಯದಿದ್ದರೆ ಕೊನೆಗೆ ಹೈಕೋರ್ಟಿನ ಧಾರವಾಡ ಪೀಠ. ಮೊದಲು 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದದ್ದು. ಅಲ್ಲಿಯವರೆಗೆ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಕಿತ್ತು. ಹತ್ತು ಜನ ಸೇರಿ ವಕೀಲರನ್ನು ಕಂಡರೆ ಖರ್ಚು ಹಂಚಿಹೋಗುತ್ತದೆ.

ವಾರ್ಡಿನ ಸದಸ್ಯರನ್ನು ಮರೆಯಬೇಡಿ. ಅಧ್ಯಕ್ಷರಿಲ್ಲದಿದ್ದರೂ, ಮೊದಲ ಸಭೆಯಾಗಿ ಪರಿಷತ್ತು ನಡೆಯುತ್ತಿದ್ದರೆ, ಸದಸ್ಯರು ಸದಸ್ಯರೇ. ‘ನಮ್ಗೇ ಪವರ್ ಇಲ್ಲ ಮಾರಾಯ್ರೆ’ ಎಂದು ಅವರು ಕೈಚೆಲ್ಲಬಹುದು. ಆಗ ನಿಮ್ಮ ಅರ್ಜಿಯ ಮೇಲೆ ಅವರ ಶಿಫಾರಸಿನ ಒಂದು ಸಾಲು, ಒಂದು ಸಹಿ ಹಾಕಿಸಿಕೊಂಡು ಮುಖ್ಯಾಧಿಕಾರಿಗೆ ಕೊಡಿ. ಆಡಳಿತಾಧಿಕಾರಿಗೆ ಒಂದು ಪ್ರತಿ. ಎರಡರ ಮೇಲೂ ಸ್ವೀಕೃತಿಯ ಮುದ್ರೆ, ತಾರೀಖು ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.